ಮುಟ್ಟಿನ ನೋವಿಗೆ ತಿಂಗಳು ತಿಂಗಳೂ ಮಾತ್ರೆ ತಗೋಬಹುದಾ?

ಮೆಡಿಕಲ್ ಶಾಪ್‌ನಲ್ಲಿ ಕೂರುವ ನನ್ನನ್ನು ಹುಡುಗಿಯರು ದನಿ ತಗ್ಗಿಸಿ ಕೇಳುವ ಪ್ರಶ್ನೆ ಒಂದಿದೆ. "ಅಕ್ಕಾ, ಪ್ರತಿ ತಿಂಗಳೂ ಈ ಮಾತ್ರೆ ನುಂಗಿದ್ರೆ ಮುಂದೆ ಮಕ್ಕಳಾಗಲ್ವಂತೆ, ಹೌದಾ?" ಜೊತೆಗೆ ಬಂದ ಅಮ್ಮಂದಿರದ್ದೂ ಅದೇ ಚಿಂತೆ.

ಇಲ್ಲಮ್ಮಾ. ಮುಟ್ಟಾದಾಗ ಎರಡು ಮೂರು ದಿನ ತಗೊಳ್ಳುವ ಮಾತ್ರೆಯಿಂದ ಬಂಜೆತನ ಬರುವುದಿಲ್ಲ. ಈ ಹೆದರಿಕೆಗೇ ಎಷ್ಟೋ ಮಕ್ಕಳು ಹಲ್ಲು ಕಚ್ಚಿಕೊಂಡು ನೋವು ತಿನ್ನುತ್ತಾರೆ. ನನಗೆ ಅದನ್ನು ನೋಡಲಾಗುವುದಿಲ್ಲ.

ಮುಟ್ಟಿನ ಹೊತ್ತಿಗೆ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹುಟ್ಟುತ್ತದೆ. ಅದು ಜಾಸ್ತಿಯಾದರೆ ಗರ್ಭಕೋಶ ಬಿಗಿಯಾಗಿ ಹಿಂಡುತ್ತದೆ. ಕೆಲವರಿಗೆ ವಾಂತಿ, ಭೇದಿ ಆಗುವುದೂ ಇದರಿಂದಲೇ. ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್, ನ್ಯಾಪ್ರೋಕ್ಸೆನ್ ಎಂಬ ನೋವಿನ ಔಷಧಿಗಳು ಈ ರಾಸಾಯನಿಕ ಹುಟ್ಟದಂತೆ ತಡೆಯುತ್ತವೆ. ಆಗಲೇ ಹುಟ್ಟಿರುವುದನ್ನು ಅವು ಅಳಿಸಲಾರವು. ಅದಕ್ಕೇ ತಡೆಯಲಾಗದಷ್ಟು ನೋವು ಬರುವವರೆಗೆ ಕಾಯಬೇಡಿ. ಹೊಟ್ಟೆ ಹಿಡಿಯಲು ಶುರುವಾದ ಕೂಡಲೇ ತಗೊಳ್ಳಿ. ಊಟಕ್ಕೆ ಮನಸ್ಸಿಲ್ಲದಿದ್ದರೆ ಎರಡು ಇಡ್ಲಿಯನ್ನಾದರೂ ತಿನ್ನಿ. ಖಾಲಿ ಹೊಟ್ಟೆಗೆ ಮಾತ್ರ ಬೇಡ.

ದೊಡ್ಡವರಿಗೆ ಐಬುಪ್ರೊಫೇನ್ 400 ಮಿ.ಗ್ರಾಂ., ಎಂಟು ಗಂಟೆಗೊಮ್ಮೆ ಸಾಕು. ಡಾಕ್ಟರ್ ಹೇಳದೆ ದಿನಕ್ಕೆ 1200 ಮಿ.ಗ್ರಾಂ. ದಾಟಬಾರದು. ಶಾಲೆಗೆ ಹೋಗುವ ಮಕ್ಕಳಿಗೆ ಎಷ್ಟು ಕೊಡಬೇಕೆಂದು ಡಾಕ್ಟರನ್ನೇ ಕೇಳಿ. ಮೆಫೆನಾಮಿಕ್ ಆಸಿಡ್‌ಗಂತೂ ಡಾಕ್ಟರ ಚೀಟಿ ಬೇಕೇ ಬೇಕು.

ನಾನು ಜಾಸ್ತಿ ನೋಡುವ ತಪ್ಪು ಬೇರೆ. ಬೆಳಿಗ್ಗೆ ಮೆಫ್ಟಾಲ್ ಸ್ಪಾಸ್, ಕಡಿಮೆಯಾಗಲಿಲ್ಲ ಅಂತ ಸ್ವಲ್ಪ ಹೊತ್ತಿಗೇ ಕಾಂಬಿಫ್ಲಾಮ್. ಹೆಸರು ಬೇರೆ ಬೇರೆ ಇರಬಹುದು, ಆದರೆ ಮೊದಲನೆಯದರಲ್ಲಿ ಮೆಫೆನಾಮಿಕ್ ಆಸಿಡ್, ಎರಡನೆಯದರಲ್ಲಿ ಐಬುಪ್ರೊಫೇನ್ ಇದೆ, ಎರಡೂ ಒಂದೇ ಗುಂಪಿನ ಔಷಧಿ. ಹೀಗೆ ಬೆರೆಸಿದರೆ ನೋವು ಬೇಗ ಹೋಗುವುದಿಲ್ಲ, ಹೊಟ್ಟೆ ಹುಣ್ಣಿನ ಅಪಾಯ ಮಾತ್ರ ಹೆಚ್ಚುತ್ತದೆ. ಅದರ ಬದಲು ಹೊಟ್ಟೆಗೆ ಬಿಸಿನೀರಿನ ಚೀಲ ಇಟ್ಟುಕೊಳ್ಳಿ, ನಿಜವಾಗಿಯೂ ಹಿತವಾಗುತ್ತದೆ.

ಅಲ್ಸರ್, ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಇಂಥ ಮಾತ್ರೆಗಳಿಂದ ಉಬ್ಬಸ ಬರುವವರು ಇವನ್ನು ತಾವಾಗಿಯೇ ತಗೊಳ್ಳಬಾರದು. ಬಸಿರಿರಬಹುದು ಎಂಬ ಅನುಮಾನ ಇದ್ದರೂ ಅಷ್ಟೇ. ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಮುಟ್ಟಿನ ಜೊತೆ ಜ್ವರವೂ ಇದ್ದರೆ ಅದು ಡೆಂಗಿ ಇರಬಹುದು, ಅಲ್ವಾ? ಡೆಂಗಿಯಲ್ಲಿ ಈ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಹುದು. ಡಾಕ್ಟರಿಗೆ ತೋರಿಸುವವರೆಗೆ ಬರೀ ಪ್ಯಾರಾಸಿಟಮಾಲ್ ತಗೊಳ್ಳಿ.

2023ರ ನವೆಂಬರ್‌ನಲ್ಲಿ ಔಷಧಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆಯಾದ ಭಾರತೀಯ ಫಾರ್ಮಕೋಪಿಯ ಆಯೋಗ, ಮೆಫೆನಾಮಿಕ್ ಆಸಿಡ್‌ನಿಂದ ಒಂದು ಬಗೆಯ ಅಲರ್ಜಿ ಬರಬಹುದೆಂದು ಎಚ್ಚರಿಕೆ ಕೊಟ್ಟಾಗ ತುಂಬಾ ಜನ ಗಾಬರಿಯಾದರು. ಡ್ರೆಸ್ ಸಿಂಡ್ರೋಮ್ ಎಂಬ ಆ ಅಲರ್ಜಿ ಅಪರೂಪ, ಆದರೆ ತೀವ್ರ. ಮಾತ್ರೆ ತಗೊಂಡು ಕೆಲವು ವಾರ ಕಳೆದ ಮೇಲೂ ಮೈಮೇಲೆ ಗಂಧೆ, ಜ್ವರ, ಗಂಟಲ ಪಕ್ಕ ಗಡ್ಡೆ ಕಂಡರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ.

ಸರಿಯಾಗಿ ತಗೊಂಡೂ ಎರಡು ಮೂರು ತಿಂಗಳು ನೋವು ಬಗ್ಗದಿದ್ದರೆ, ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಹೆಂಗಸರ ಡಾಕ್ಟರಿಗೆ ತೋರಿಸಿ. ಅದು ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೂ ಬೆಳೆಯುವ ಕಾಯಿಲೆ, ಇರಬಹುದು. ಅದು ಸ್ಕ್ಯಾನ್‌ನಲ್ಲಿ ಕಾಣದೆಯೂ ಇರುತ್ತದೆ. "ರಿಪೋರ್ಟ್ ನಾರ್ಮಲ್" ಅಂದರೂ ನೋವು ಹಾಗೇ ಇದ್ದರೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ ಕೇಳಿ.