ನೊಜಿಂಜಾ: ಸೊಂಟದ ಲೆಕ್ಕಕ್ಕೆ ಕಟ್ಟಿದ ಸಂಗೀತ

ನಿಮಿಷಕ್ಕೆ 180 ಬಡಿತ. ಒಂದು ಬಡಿತದಿಂದ ಇನ್ನೊಂದಕ್ಕೆ ಸಿಗುವುದು ಸೆಕೆಂಡಿನ ಮೂರನೇ ಒಂದು ಪಾಲು ಮಾತ್ರ. ದಕ್ಷಿಣ ಆಫ್ರಿಕಾದಲ್ಲಿ ಮೊಬೈಲ್ ರಿಪೇರಿ ಅಂಗಡಿಗಳನ್ನು ನಡೆಸುತ್ತಿದ್ದ ರಿಚರ್ಡ್ ಎಂಥೆತ್ವಾ, ನೊಜಿಂಜಾ ಎಂಬ ಹೆಸರಿನಲ್ಲಿ, ತನ್ನ ತ್ಸೋಂಗಾ ಜನರ ಹಾಡನ್ನು ಈ ವೇಗಕ್ಕೆ ತಂದರು. ಅದೇ ಶಾಂಗಾನ್ ಎಲೆಕ್ಟ್ರೊ. ಬರೀ ಕಿವಿಯಲ್ಲಿ ಕೇಳಿದರೆ ರೆಕಾರ್ಡನ್ನು ಯಾರೋ ಜೋರಾಗಿ ಓಡಿಸಿದ್ದಾರೆ ಅನ್ನಿಸುತ್ತದೆ. ಕುಣಿತ ನೋಡಿದರೆ ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ.

ಲಿಂಪೊಪೊ ಪ್ರಾಂತ್ಯದ ತ್ಸೋಂಗಾ ಹೆಂಗಸರ ಕುಣಿತ ಶಿಬೆಲಾನಿ. ಉಡುವ ಲಂಗಕ್ಕೂ ಅದೇ ಹೆಸರು. ಈಗಿನ ಲಂಗಗಳಲ್ಲಿ ಬಣ್ಣಬಣ್ಣದ ಉಣ್ಣೆ ನೂಲಿನ ಎಳೆಗಳು ಪದರ ಪದರವಾಗಿ ಇಳಿಬಿದ್ದಿರುತ್ತವೆ. ಸೊಂಟದ ಸಣ್ಣ ಅಲುಗಾಟವನ್ನೂ ದೂರದವರಿಗೆ ಕಾಣುವಷ್ಟು ಹಿಗ್ಗಿಸುವುದು ಈ ದಪ್ಪದ ಕೆಲಸ. 40 ಸೆಂಟಿಮೀಟರ್ ಉದ್ದದ ಎಳೆಯನ್ನು ಸುಮ್ಮನೆ ತೂಗಲು ಬಿಟ್ಟರೆ ಒಮ್ಮೆ ಹೋಗಿ ಬರಲು ಒಂದು ಸೆಕೆಂಡಿಗಿಂತ ಹೆಚ್ಚು ಬೇಕು. 180ರ ವೇಗದಲ್ಲಿ ಅಷ್ಟು ಹೊತ್ತಿಗೆ ಮೂರು ಬಡಿತ ಮುಗಿದಿರುತ್ತದೆ. ಹಾಗಾಗಿ ಎಳೆಯ ತುದಿ ಯಾವಾಗಲೂ ಹಿಂದೆ ಬೀಳುತ್ತದೆ, ಮೇಲ್ಭಾಗ ತಾಳ ಹಿಡಿಯುತ್ತದೆ. ನಡುಪಟ್ಟಿ ಸಡಿಲವಾಗಿದ್ದರೆ ಸೊಂಟ ಒಳಗೇ ಜಾರಿ, ಲಂಗ ಸುಮ್ಮನೆ ನಿಂತುಬಿಡುತ್ತದೆ. ಎಳೆ ತೀರಾ ಉದ್ದವಾದರೆ ತುದಿಗಳು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ.

ಪಾದವನ್ನೂ ಸೊಂಟವನ್ನೂ ಒಂದೇ ವೇಗದಲ್ಲಿ ಓಡಿಸಲು ಹೋಗುವುದು ಹೊಸಬರ ತಪ್ಪು. ನಮ್ಮ ಕರ್ನಾಟಕ ಸಂಗೀತದ ಮಾತಲ್ಲಿ ಹೇಳುವುದಾದರೆ ಪಾದ ಒಂದನೇ ಕಾಲ, ಸೊಂಟ ಎರಡನೇ ಕಾಲ: ಹೆಜ್ಜೆ 90ಕ್ಕೆ, ಸೊಂಟ 180ಕ್ಕೆ. ಮೊಣಕಾಲು ಸ್ವಲ್ಪ ಬಗ್ಗಿರಬೇಕು, ಭುಜ ಕದಲಬಾರದು. ಭುಜ ಕದಲಿತೆಂದರೆ ಸೊಂಟಕ್ಕೆ ಹೋಗಬೇಕಾದ ಬಲ ಮೇಲೆಯೇ ಸೋರಿಹೋಯಿತು ಅಂತ.

ಸಂಗೀತವೂ ಇದೇ ಲೆಕ್ಕದ್ದು. 1980–90ರ ದಶಕಗಳ ತ್ಸೋಂಗಾ ಡಿಸ್ಕೊ ಇದಕ್ಕಿಂತ ಬಹಳ ನಿಧಾನ. ನೊಜಿಂಜಾ ಬೇಸ್ ಗಿಟಾರನ್ನೇ ತೆಗೆದುಹಾಕಿ, ಕೀಬೋರ್ಡಿನ ಮರಿಂಬಾ (ಮರದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ) ದನಿಯನ್ನು ಮುಂದೆ ತಂದರು. ಅದು ಎಷ್ಟು ಸರಿಯಾದ ನಿರ್ಧಾರ ಎಂದು ತಿಳಿಯಬೇಕಾದರೆ ಈ ವೇಗದಲ್ಲಿ ಬೇಸ್ ಸೇರಿಸಿ ನೋಡಿ. ಬೇಸಿನ ಒಂದು ಸ್ವರ ಅರ್ಧ ಸೆಕೆಂಡ್ ಗುಂಯ್‌ಗುಟ್ಟಿದರೂ ಮುಂದಿನ ಬಡಿತದ ಮೇಲೆ ಹರಡಿ ಕೆಸರಾಗುತ್ತದೆ. ಮರಿಂಬಾ ಟಕ್ಕೆಂದು ಹುಟ್ಟಿ ತಟ್ಟನೆ ಸಾಯುವ ದನಿ, ಮುಂದಿನ ಪೆಟ್ಟಿಗೆ ಜಾಗ ಬಿಡುತ್ತದೆ. ರಿವರ್ಬ್, ಅಂದರೆ ದನಿಯ ಹಿಂದೆ ಉಳಿಯುವ ಅನುರಣನ ಕೂಡ 300 ಮಿಲಿಸೆಕೆಂಡ್ ದಾಟದಿದ್ದರೆ ಒಳ್ಳೆಯದು. ನಿಧಾನದ ಹಾಡನ್ನು ಸಾಫ್ಟ್‌ವೇರಿನಲ್ಲಿ ಹಿಗ್ಗಿಸಿ ಕುಗ್ಗಿಸಿ 180ಕ್ಕೆ ಏರಿಸಿದರೆ ಪೆಟ್ಟಿನ ಮೊನೆ ಮೊಂಡಾಗುತ್ತದೆ. ತಾಳವನ್ನು ಆ ವೇಗದಲ್ಲೇ ಹೊಸದಾಗಿ ಕೂರಿಸಬೇಕು. ಹಾಡುಗಾರಿಕೆ ಮಾತ್ರ ಪಾದದ ಜೊತೆ, ಅರ್ಧ ವೇಗದಲ್ಲಿ ಸಾಗಲಿ. ಉಸಿರಾಡಲು ಜಾಗ ಸಿಗುವುದು ಅಲ್ಲೇ.

ವಿಡಿಯೊ ತೆಗೆಯುವವರಿಗೆ ಒಂದು ಮಾತು. ಸೆಕೆಂಡಿಗೆ 25 ಫ್ರೇಮ್ ಇಟ್ಟರೆ ಒಂದು ಬಡಿತಕ್ಕೆ ಸಿಗುವುದು ಎಂಟೇ ಫ್ರೇಮ್. ಶಟರ್ 1/50 ಸೆಕೆಂಡ್ ತೆರೆದಿದ್ದರೆ ಎಳೆಗಳೆಲ್ಲ ಕಲಸಿ ಬಣ್ಣದ ಮಂಜಾಗುತ್ತವೆ. 50 ಫ್ರೇಮ್, 1/100 ಶಟರ್ ಇಟ್ಟರೆ ಎಳೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಅಲ್ಲಿನ ವಿದ್ಯುತ್ 50 ಹರ್ಟ್ಜ್ ಆದ್ದರಿಂದ ದೀಪದ ಮಿನುಗಾಟವೂ ಕಾಡುವುದಿಲ್ಲ.

2010ರಲ್ಲಿ ಲಂಡನ್ನಿನ ಆನೆಸ್ಟ್ ಜಾನ್ಸ್ ಸಂಸ್ಥೆ ಈ ಹಾಡುಗಳ ಸಂಕಲನ ತಂದಿತು, 2015ರಲ್ಲಿ ವಾರ್ಪ್ ಎಂಬ ರೆಕಾರ್ಡ್ ಸಂಸ್ಥೆ ನೊಜಿಂಜಾರ ಆಲ್ಬಂ ತಂದಿತು. ಆಮೇಲೆ ಹೊರಗಿನವರು ಇದಕ್ಕೆ ಆಫ್ರೊಫ್ಯೂಚರಿಸಂ (ಕಪ್ಪು ಜನರ ಕಣ್ಣಲ್ಲಿ ಕಾಣುವ ತಂತ್ರಜ್ಞಾನದ ಭವಿಷ್ಯ) ಎಂಬ ಪಟ್ಟಿ ಅಂಟಿಸಿದ್ದುಂಟು. ಅದು 1990ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ಪದ, ಬಾಹ್ಯಾಕಾಶ ನೌಕೆ, ಲೋಹದ ಉಡುಪುಗಳನ್ನು ನೆನಪಿಸುವಂಥದು. ಇಲ್ಲಿ ತ್ಶೆತ್ಶಾ ಬಾಯ್ಸ್ ತಂಡದವರು ಕೋಡಂಗಿ ಮುಖವಾಡ, ಕಿತ್ತಳೆ ಓವರಾಲ್ ತೊಟ್ಟು ಕುಣಿಯುತ್ತಾರೆ. ನನ್ನ ಮಟ್ಟಿಗೆ ಭವಿಷ್ಯ ಕಾಣುವುದು ಆ ಉಡುಪಿಗಿಂತ ಹೆಚ್ಚಾಗಿ, ಹಳೆಯ ಸೊಂಟದ ಚಲನೆಗೆ ಕಂಪ್ಯೂಟರಿನಿಂದ ಹೊಸ ಮಿತಿ ಕೇಳಿದ ಧೈರ್ಯದಲ್ಲಿ.

ಹೋಲಿಸಿ ನೋಡಬೇಕೆಂದರೆ ಲಿಂಪೊಪೊದವರೇ ಆದ ಶೋ ಮಜೋಜಿ ಇದ್ದಾರೆ. ಅದೇ ಶಿಬೆಲಾನಿ ಲಂಗ ಉಟ್ಟು, ಡರ್ಬನ್ನಿನ ಗ್ಕೋಮ್ ಸಂಗೀತದ ಮೇಲೆ ಹಾಡಿ ಕುಣಿಯುತ್ತಾರೆ. ಗ್ಕೋಮ್‌ನ ವೇಗ ಸುಮಾರು 125, ಬಡಿತಕ್ಕೆ ಅರ್ಧ ಸೆಕೆಂಡಿನ ಹತ್ತಿರ. ಅಲ್ಲಿ ಎಳೆಗಳಿಗೆ ಪೂರ್ತಿ ಹರಡಿಕೊಳ್ಳುವಷ್ಟು ಹೊತ್ತು ಸಿಗುತ್ತದೆ, ಬೇಸಿಗೂ ಜಾಗ ಉಳಿಯುತ್ತದೆ.