ಲಕ್ಷದ್ವೀಪದ ಹವಳವನ್ನು ಕಾಯ್ದ ಟ್ಯೂನಾ ಗಾಳ

ಮಂಗಳೂರಿನ ಹಳೆ ಬಂದರಿನಿಂದ ಸರಕು ಹೇರಿಕೊಂಡ ಹಡಗುಗಳು ತಲುಪುವ ಲಕ್ಷದ್ವೀಪದ ನೆಲವೆಲ್ಲ ಸೇರಿದರೂ ಸುಮಾರು 32 ಚದರ ಕಿಲೋಮೀಟರ್ ಮಾತ್ರ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿಯೇ ಇದ್ದವು. ಅಲ್ಲಿನ ಮರಳಿನ ಕಣಕಣವೂ ಹವಳದ ದಿಬ್ಬದಿಂದಲೇ ಬಂದದ್ದು. ಮುಂಗಾರಿನ ಅಲೆಗಳನ್ನು ದಡಕ್ಕೆ ಮುಟ್ಟುವ ಮೊದಲೇ ಮುರಿಯುವುದೂ ಅದೇ ದಿಬ್ಬ.

ಹವಳದ ಜೀವಿ ತನ್ನ ಆಹಾರದ ಬಹುಪಾಲನ್ನು ತನ್ನ ಒಡಲೊಳಗೆ ನೆಲೆಸಿರುವ ಸೂಕ್ಷ್ಮ ಪಾಚಿಯಿಂದ ಪಡೆಯುತ್ತದೆ. ಸಮುದ್ರದ ನೀರು ಬೇಸಿಗೆಯ ವಾಡಿಕೆಯ ಗರಿಷ್ಠ ಮಟ್ಟಕ್ಕಿಂತ ಒಂದೇ ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ಉಳಿದರೆ ಆ ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ, ಬಿಸಿ ಇಳಿಯದಿದ್ದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗಾಯಿತು. 2024ರಲ್ಲಿ ಮತ್ತೆ ವ್ಯಾಪಕವಾಗಿ ಮರುಕಳಿಸಿತು.

ಆದರೂ 1998ರ ಪೆಟ್ಟಿನ ನಂತರ ಅನೇಕ ದಿಬ್ಬಗಳು ಚೇತರಿಸಿಕೊಂಡವು. ಇದಕ್ಕೆ ಒಂದು ಮುಖ್ಯ ಕಾರಣ ದ್ವೀಪವಾಸಿಗಳ ಮೀನುಗಾರಿಕೆ ಎಂದು ನಾನು ದೃಢವಾಗಿ ನಂಬುತ್ತೇನೆ. ಮಿನಿಕಾಯ್ ದ್ವೀಪದವರು ತಲೆಮಾರುಗಳಿಂದ ಕೋಲು ಮತ್ತು ಗಾಳದಿಂದ ಒಂದೊಂದಾಗಿ ಟ್ಯೂನಾ ಹಿಡಿಯುತ್ತ ಬಂದವರು. 1960ರ ದಶಕದಿಂದ ಸರ್ಕಾರದ ಪ್ರೋತ್ಸಾಹದಿಂದ ಈ ಪದ್ಧತಿ ಯಾಂತ್ರಿಕ ದೋಣಿಗಳೊಂದಿಗೆ ಉಳಿದ ದ್ವೀಪಗಳಿಗೂ ಹರಡಿತು. ದುಡಿಮೆಯೂ ಊಟವೂ ಆಳಸಮುದ್ರದ ಟ್ಯೂನಾದಿಂದ ನಡೆಯುತ್ತಿದ್ದುದರಿಂದ ದಿಬ್ಬದ ಗಿಳಿಮೀನುಗಳು ಹೆಚ್ಚಾಗಿ ಬದುಕುಳಿದವು. ಅವು ಸತ್ತ ಹವಳದ ಮೇಲೆ ಬೆಳೆದ ಪಾಚಿಯನ್ನು ಕೆರೆದು ತಿಂದು, ಎಳೆಯ ಹವಳ ಅಂಟಿಕೊಳ್ಳಲು ಜಾಗವನ್ನು ತೆರವಾಗಿರಿಸಿದವು.

ಆದರೆ ಈ ಆಸರೆಗೂ ಮಿತಿಯಿದೆ. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಅಗತ್ತಿ, ಕಡಮತ್, ಕವರತ್ತಿಗಳಲ್ಲಿ ದೀರ್ಘಕಾಲ ನಡೆಸಿದ ಅಧ್ಯಯನದ ಪ್ರಕಾರ, 1998ರಲ್ಲಿ ಶೇ. 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ರ ವೇಳೆಗೆ ಸುಮಾರು ಶೇ. 19ಕ್ಕೆ ಇಳಿದಿತ್ತು. ಬೇಗ ಬೆಳೆಯುವ ಕವಲು ಹವಳಗಳೇ ಮೊದಲು ಸಾಯುತ್ತವೆ. ಎರಡು ಬಿಸಿಗಾಲಗಳ ನಡುವಿನ ಅವಧಿ ಹನ್ನೆರಡು ವರ್ಷಗಳಿಂದ ಆರು, ಎಂಟು ವರ್ಷಗಳಿಗೆ ಕುಗ್ಗಿದಾಗ ಅವು ಮತ್ತೆ ತುಂಬಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಈ ಹೊತ್ತಿನಲ್ಲಿಯೇ ನಮ್ಮ ಕರಾವಳಿಯವರು ಮುರು ಮೀನು ಎನ್ನುವ ಗ್ರೂಪರ್ ಜಾತಿಗಳಿಗೂ ದಿಬ್ಬದ ಇತರ ಮೀನುಗಳಿಗೂ ಹೊರಗಿನ ಮಾರುಕಟ್ಟೆಯ ಬೇಡಿಕೆ ಹೆಚ್ಚಿರುವುದು ನನ್ನನ್ನು ಬಹಳ ಕಳವಳಕ್ಕೀಡುಮಾಡಿದೆ. ಹವಳವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ರಕ್ಷಿಸುತ್ತದೆ, ನಿಜ. ಆದರೆ ಅದನ್ನು ಶುಚಿಯಾಗಿಡುವ ಮೀನಿಗೆ ಅಂಥ ಆಸರೆಯಿಲ್ಲ. ಟ್ಯೂನಾಕ್ಕೆ ನ್ಯಾಯವಾದ ಬೆಲೆ, ಮಂಜುಗಡ್ಡೆ, ಸಾಗಣೆಯ ವ್ಯವಸ್ಥೆ ದೊರೆತರೆ ಮೀನುಗಾರ ದಿಬ್ಬದ ಕಡೆ ತಿರುಗಬೇಕಾದ ಒತ್ತಡ ಕಡಿಮೆಯಾಗುತ್ತದೆ, ಹಾಗಾಗಿ ಇವುಗಳನ್ನು ಹವಳ ಸಂರಕ್ಷಣೆಯ ಖರ್ಚೆಂದೇ ಸರ್ಕಾರ ಲೆಕ್ಕ ಹಾಕಬೇಕು. ಟ್ಯೂನಾ ಗಾಳಕ್ಕೆ ಬೇಕಾದ ಜೀವಂತ ಎರೆಮೀನು ಸಿಗುವುದು ಲಗೂನಿನ, ಅಂದರೆ ದಿಬ್ಬದ ಒಳಬದಿಯ ಆಳವಿಲ್ಲದ ನೀರಿನ, ಹವಳಗಳ ಸುತ್ತಲೇ ಆದ್ದರಿಂದ, ಹವಳ ಸತ್ತ ಕಡೆ ಎರೆಯೂ ಕಡಿಮೆಯಾಗಿ, ದಿಬ್ಬವನ್ನು ಇಷ್ಟು ಕಾಲ ಉಳಿಸಿದ ಆ ಕಸುಬೇ ಕಷ್ಟಕ್ಕೆ ಸಿಲುಕುತ್ತದೆ.