ತಟ್ಟೆ ಓಲಾಡಿದ್ದು ಯಾಕೆ?

ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅಂದರೆ ನನಗೆ ಮೊದಲು ನೆನಪಾಗುವುದು ಒಂದು ಊಟದ ತಟ್ಟೆ. ಯುದ್ಧ ಮುಗಿದಿತ್ತು, ಹೆಂಡತಿ ಆರ್ಲೀನ್ 1945ರಲ್ಲಿ ಕ್ಷಯದಿಂದ ತೀರಿಕೊಂಡಿದ್ದರು, ಲಾಸ್ ಅಲಮೋಸ್‌ನ ಅಣುಬಾಂಬ್ ಕೆಲಸ ಮುಗಿಸಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಪಾಠ ಮಾಡಲು ಬಂದ ಮನುಷ್ಯನಿಗೆ ಸಂಶೋಧನೆ ಮಾಡುವ ಮನಸ್ಸೇ ಇರಲಿಲ್ಲ. ಕೊನೆಗೆ ಒಂದು ತೀರ್ಮಾನಕ್ಕೆ ಬಂದರು. ಇನ್ನು ಮೇಲೆ ಫಿಸಿಕ್ಸ್ ಜೊತೆ ಸುಮ್ನೆ ಆಟ ಆಡುವುದು, ಅದರಿಂದ ಏನು ಉಪಯೋಗ ಅಂತ ಕೇಳುವುದೇ ಬೇಡ.

ಒಂದು ದಿನ ಕ್ಯಾಂಟೀನಿನಲ್ಲಿ ಯಾರೋ ತಟ್ಟೆಯೊಂದನ್ನು ಮೇಲಕ್ಕೆ ಎಸೆದರು. ಅದು ತಿರುಗುತ್ತಾ ಓಲಾಡಿತು. ತಿರುಗುವುದಕ್ಕೂ ಓಲಾಡುವುದಕ್ಕೂ ಏನು ಲೆಕ್ಕ? ಕೂತು ಸಮೀಕರಣ ಬರೆದರು. ಅಲ್ಲಿನ ಹಿರಿಯ ಭೌತವಿಜ್ಞಾನಿ ಹಾನ್ಸ್ ಬೆಥೆಗೆ ತೋರಿಸಿದಾಗ ಇದರಿಂದ ಏನು ಪ್ರಯೋಜನ ಅಂತ ಅವರು ಕೇಳಿದರು, ಏನೂ ಇಲ್ಲ, ಮಜಾ ಅನ್ನಿಸಿತು ಅಂದರಂತೆ ಇವರು. ಆ ಆಟ ಹಾಗೇ ಎಲೆಕ್ಟ್ರಾನಿನ ಕಡೆಗೆ ಹೊರಳಿತು, ಆ ದಾರಿಯಲ್ಲಿ ಮಾಡಿದ ಕೆಲಸಕ್ಕೇ 1965ರಲ್ಲಿ ಶ್ವಿಂಗರ್ ಮತ್ತು ತೊಮೊನಾಗ ಜೊತೆ ನೊಬೆಲ್ ಬಂತು. ಎಷ್ಟು ಚೆಂದ ಅಲ್ವಾ!

ಬೊಂಗೊ ಡ್ರಮ್ ಬಾರಿಸಿದ್ದು, ಲಾಸ್ ಅಲಮೋಸ್‌ನಲ್ಲಿ ತಿಜೋರಿಗಳ ಬೀಗ ತೆಗೆದದ್ದು ಎಲ್ಲರೂ ಹೇಳುವ ಕಥೆಗಳು. ನನಗೆ ಜಾಸ್ತಿ ಇಷ್ಟ 1986ರದ್ದು. ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತದಲ್ಲಿ ಏಳು ಜನ ಸತ್ತಿದ್ದರು. ವಿಚಾರಣೆ ನಡೆಯುತ್ತಿರುವಾಗ, ಆಗಲೇ ಕ್ಯಾನ್ಸರ್ ಇದ್ದ ಫೈನ್‌ಮನ್, ರಾಕೆಟ್ಟಿನ ಸೀಲಿನ ರಬ್ಬರ್ ತುಂಡನ್ನು ಕ್ಲ್ಯಾಂಪಿನಲ್ಲಿ ಬಿಗಿದು ಮಂಜುಗಡ್ಡೆ ನೀರಿನ ಲೋಟದಲ್ಲಿ ಅದ್ದಿದರು. ಹೊರಗೆ ತೆಗೆದು ಕ್ಲ್ಯಾಂಪ್ ಸಡಿಲಿಸಿದರು. ಚಳಿಗೆ ರಬ್ಬರ್ ಮೊದಲಿನ ಆಕಾರಕ್ಕೆ ತಕ್ಷಣ ಮರಳಲಿಲ್ಲ. ದುರಂತಕ್ಕೆ ಕಾರಣವಾದ ಸೀಲಿನ ದೋಷ ಎಲ್ಲರ ಕಣ್ಣೆದುರೇ ಕಂಡಿತು.